ಮಂಜಿ ಹೊರಡುವ ಮೊದಲು

ಹಳೆ ಬಂದರಿನ ಗೋದಾಮು, ಒಣಮೆಣಸಿನ ಘಾಟು.
ಅಕ್ಕಿಮೂಟೆಯ ಮೇಲೆ ಇಟ್ಟಿದ್ದೇನೆ ಪೆಟ್ಟಿಗೆ:
ಎಂಟು ಕಿವಿ, ಒಂದು ಬಾಲ, ಮುಖವೇ ಇಲ್ಲ.
ನಾಳೆ ಮಂಜಿ ಹತ್ತಿ ದ್ವೀಪಕ್ಕೆ ಹೋಗಬೇಕು ಇದು.
ಮಳೆ ಹಿಡಿದರೆ ಕಡಲು ಮುಚ್ಚುತ್ತದೆ,
ಆಮೇಲೆ ಇಲ್ಲಿಂದ ತಟ್ಟಿದರೆ ಅಲ್ಲಿ ಬಾಗಿಲು ತೆಗೆಯಬೇಕು.

ಸ್ವಿಚ್ ಒತ್ತಿದೆ. ಎದ್ದಿತು.
ಎದ್ದದ್ದೇ ಕೂಗಿತು, ಯಾರಿಗೆಂದು ತಿಳಿಯದೆ ಎಲ್ಲರಿಗೂ:
ನಾನು ಯಾರು? ನನ್ನ ಮನೆ ಯಾವುದು?
ನಾಲ್ಕು ಸೆಕೆಂಡು ಬಿಟ್ಟು ಮತ್ತೆ. ಎಂಟು ಬಿಟ್ಟು ಮತ್ತೆ.
ಹದಿನಾರು.

"ಎಂತ ಅದು, ಮಿಣಿಮಿಣಿ ಮಾಡುದು?"
ತಕ್ಕಡಿ ಬಿಟ್ಟು ಬಂದರು ಚೆಯ್ಯಬ್ಬ.
ವಿಳಾಸ ಕೇಳ್ತಾ ಉಂಟು, ಎಂದೆ.
"ಕೊಡಿ ಮತ್ತೆ, ಪಾಪ!"

ಕೊಟ್ಟಿದ್ದೆನಲ್ಲ. ಪಟ್ಟಿಯಲ್ಲಿ ಬರೆದಿದ್ದೆನಲ್ಲ
ಅದರ ಬೆನ್ನಿನ ಹುಟ್ಟುಗುರುತು, ಹನ್ನೆರಡು ಅಕ್ಷರ,
ಪಕ್ಕದಲ್ಲಿ ಅದಕ್ಕೆಂದೇ ತೆಗೆದಿಟ್ಟ ಸಂಖ್ಯೆ.
ಮೂವತ್ತೆರಡು. ಉತ್ತರವಿಲ್ಲ.

ಚೆಯ್ಯಬ್ಬ ಕನ್ನಡಕ ಏರಿಸಿ ಪೆಟ್ಟಿಗೆ ಮಗುಚಿ
ಬೆರಳಿಟ್ಟು ಓದಿದರು.
ಉಜ್ಜಿಹೋದ ಮಾರ್ಕು ನೋಡಿಯೇ
ನಲವತ್ತು ವರ್ಷ ಮೂಟೆ ಹತ್ತಿಸಿದವರು.
"ಇದು ಎಂಟಲ್ಲ ಮಾರಾಯ್ತಿ. ಬಿ."

ತಿದ್ದಿದೆ. ಕಾದೆವು.
ಹೊರಗೆ ಯಾರೋ ಹಗ್ಗ ಎಳೆಯುತ್ತಿದ್ದರು.
ಮುಂದಿನ ಕೂಗಿಗೆ ಉತ್ತರ ಹೋಯಿತು:
ಹತ್ತು, ಸೊನ್ನೆ, ನಾಲ್ಕು, ಹದಿನೇಳು.
ದೀಪ ಹಸಿರಾಗಿ ನಿಂತಿತು.
ಮರೆಯದ ಹಾಗೆ ಅದರೊಳಗೇ ಬರೆಸಿಟ್ಟೆ.

ಚೆಯ್ಯಬ್ಬ ಕಪ್ಪು ಶಾಯಿಯಲ್ಲಿ ಕುಂಚ ಅದ್ದಿ
ರಟ್ಟಿನ ಮೇಲೆ ಬರೆದರು, ದ್ವೀಪದ ಹೆಸರು, ಮಂಜಿಯ ಹೆಸರು.
"ನಂಬರು?"
ಬೇಡ, ಅದಕ್ಕೀಗ ಗೊತ್ತುಂಟು, ಎಂದೆ.
ಆದರೂ ಬರೆದರು,
ಮೂಲೆಯಲ್ಲಿ, ಸಣ್ಣಕ್ಕೆ.