ದಾಟಿದವರ ಲೆಕ್ಕ

ತಿಂಗಳ ಎರಡನೆಯ ಮಂಗಳವಾರ, ಸಂಜೆ ಏಳು.
ಅಗ್ನಿಶಾಮಕ ಠಾಣೆಯ ನೆಲಮಾಳಿಗೆ.
ಹಾಜರಿ ಐವರು, ಒಂದು ಕೆಟ್ಟ ಹೀಟರ್.
ನಡಾವಳಿ ಬರೆಯುವವಳು ನಾನು, ಮೊರಾಗ್.
ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಪೆಟ್ಟಿಗೆ ಎಣಿಸಿದವಳೆಂದು
ಪೆನ್ನು ನನ್ನ ಕೈಗೇ ಬಂತು.

ವಿಷಯ ಒಂದು: ಬಂದರಿನ ರಸ್ತೆ.
ಎರಡನೆಯ ವಿಷಯಕ್ಕೆ ನಾವು ಇದುವರೆಗೂ ಹೋದದ್ದಿಲ್ಲ.

ರಸ್ತೆಯ ಈಚೆಗೆ ನಾವು.
ಆಚೆಗೆ ಅಂಚೆ ಕಚೇರಿ, ಔಷಧದಂಗಡಿ, ಸಮುದ್ರ.
ನಡುವೆ, ಇಳಿಜಾರಿನಲ್ಲಿ ಬ್ರೇಕು ಮರೆತು ಬರುವ
ಜಲ್ಲಿ ಲಾರಿಗಳು.
ಫೆಬ್ರವರಿಯಲ್ಲಿ ಯೂಫೀಮಿಯಾಳ ಕೈಚೀಲ
ಲಾರಿಯ ಕನ್ನಡಿಗೆ ಸಿಕ್ಕಿ ಹೊರಟೇ ಹೋಯಿತು.
ಕೈ ಉಳಿಯಿತು.
ಚೀಲ ಮೂರನೆಯ ದಿನ ಮುಂದಿನೂರಿನ ಬಂಕಿನಲ್ಲಿ;
ಒಳಗಿದ್ದ ಆರು ಮೊಟ್ಟೆಯಲ್ಲಿ
ಒಂದೂ ಒಡೆದಿರಲಿಲ್ಲ.
ಇದನ್ನು ನಡಾವಳಿಗೆ ಸೇರಿಸಬೇಡ ಎಂದರು.
ಸೇರಿಸಿದೆ.

ಎಂಜಿನಿಯರರ ಪತ್ರ ಓದಲಾಯಿತು:
ಬಿಳಿ ಪಟ್ಟೆ ಎಳೆಯಬೇಕಾದರೆ
ಗಂಟೆಗೆ ಇಪ್ಪತ್ತು ಜನ ದಾಟಬೇಕು.
ಎಣಿಸಿದ್ದೇವೆ. ದಾಟಿದವರು ಏಳು.
ಏಳು ಜನಕ್ಕೆ ಬಣ್ಣವಿಲ್ಲ.

ಹೆಕ್ಟರ್ ಮೇಜು ಗುದ್ದಿದ:
'ಬಾವಿಗೆ ಕಟ್ಟೆ ಬೇಕೋ ಬೇಡವೋ ಅಂತ
ಬಿದ್ದವರನ್ನು ಎಣಿಸಿ ಹೇಳ್ತಾರೇನು?'
ಹೀಟರ್ ಒಮ್ಮೆ ಕೆಮ್ಮಿತು.
ಉಬ್ಬು ಹಾಕಿಸೋಣ ಎಂದರೆ ಆಂಬುಲೆನ್ಸಿನವರು ಬೇಡವೆಂದಿದ್ದಾರೆ.
'ನಿಧಾನ' ಎಂಬ ಫಲಕಕ್ಕೆ
ಹೋದ ವರ್ಷವೇ ಲಾರಿ ಗುದ್ದಿದೆ.
ಹಿಡಿದು ದಾಟಲೆಂದು ಬಕೆಟ್ಟಿನಲ್ಲಿಟ್ಟ ಕಿತ್ತಳೆ ಬಾವುಟಗಳು
ಈಗ ಲಾಕ್ಲನ್ನನ ಏಡಿ ಬೋನುಗಳ ಮೇಲೆ ಹಾರುತ್ತಿವೆ;
ಅವನೂ ಸಮಿತಿಯ ಸದಸ್ಯನೇ.

ಆಗ ಎಂದೂ ಬಾಯಿಬಿಡದ ಯೂಫೀಮಿಯಾ ಕೇಳಿದಳು:
'ಮತ್ತೆ ಯಾವಾಗ ಎಣಿಸ್ತಾರಂತೆ?'
ಜೂನ್ ಹನ್ನೊಂದು, ಬೆಳಿಗ್ಗೆ ಹತ್ತಕ್ಕೆ.
'ಸರಿ. ದಾಟೋಣ.'

ಮಡಿಸುವ ಕುರ್ಚಿಯಲ್ಲೊಬ್ಬ ಹುಡುಗ,
ಕೈಯಲ್ಲಿ ಒತ್ತಿ ಎಣಿಸುವ ಯಂತ್ರ,
ಕಿವಿಯ ಮೇಲೆ ಬಿಸಿಲು.
ಯೂಫೀಮಿಯಾ ದಾಟಿದಳು, ಒಂದು ಅಂಚೆಚೀಟಿ ಕೊಂಡಳು,
ಮರಳಿದಳು, ಮರೆತವಳಂತೆ ಹಣೆ ಚಚ್ಚಿಕೊಂಡು
ಮತ್ತೆ ಹೋಗಿ ಇನ್ನೊಂದು ಕೊಂಡಳು.
ಪಾದ್ರಿಯವರು ನಾಯಿಯೊಂದಿಗೆ ದಾಟಿದರು.
(ನಾಯಿ ಲೆಕ್ಕಕ್ಕೆ ಬರಲಿಲ್ಲ. ನೋಡಿದ್ದೇನೆ.)
ಗೇಲಿಕ್ ಹಾಡುವ ಹೆಂಗಸರು ಸಾಲಾಗಿ ದಾಟಿದರು,
ಹೆಕ್ಟರ್ ಗಾಲಿಕುರ್ಚಿಯಲ್ಲಿ, ಬೇಕೆಂದೇ ನಿಧಾನವಾಗಿ.
ಲಾರಿಗಳು ಗುಡ್ಡದ ತುದಿಯವರೆಗೆ ನಿಂತವು.
ಒಬ್ಬ ಚಾಲಕ ತಲೆ ಹೊರಹಾಕಿದ:
'ಯಾರ ಮದುವೆ?'
'ಯಾರದೂ ಅಲ್ಲಪ್ಪ. ಅಂಚೆಚೀಟಿ ತೀರಿತ್ತು.'

ನಾಲ್ಕನೆಯ ಸಲ ಅದೇ ಕೆಂಪು ಟೋಪಿ ಕಂಡಾಗ
ಹುಡುಗ ನನ್ನತ್ತ ನೋಡಿದ.
ಲೆಕ್ಕ ತಪ್ಪಿದವನ ಮುಖ ನನಗೆ ಗೊತ್ತು,
ಮೂವತ್ತು ವರ್ಷ ಕನ್ನಡಿಯಲ್ಲಿ ಕಂಡಿದ್ದೇನೆ.
ಅವನು ತನ್ನ ಬೂಟು ನೋಡಿಕೊಂಡ.
ಒತ್ತಿದ.

ತೊಂಬತ್ತಮೂರು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು:
ಇಷ್ಟೊಂದು ಜನಕ್ಕೆ ಬರೀ ಪಟ್ಟೆ ಸಾಲದು,
ನಿಯಮದಂತೆ ಸಿಗ್ನಲ್ ದೀಪವೇ ಬೇಕು.
ದೀಪಕ್ಕೆ ಹಣ ಐದು ವರ್ಷದ ನಂತರ.

ಅಂದು ಎಷ್ಟು ನಕ್ಕೆವೆಂದರೆ
ಮೇಲಿಂದ ಅಗ್ನಿಶಾಮಕದವರು ಇಳಿದು ಬಂದರು.

ಈಗಲೂ ಬೆಳಿಗ್ಗೆ ಹತ್ತಕ್ಕೆ ಕೆಲವರು ದಾಟುತ್ತಾರೆ,
ಕೆಲಸವಿರಲಿ ಇಲ್ಲದಿರಲಿ.
ಹತ್ತರ ಲಾರಿ ತಿರುವಿನಲ್ಲೇ ಗೇರು ಇಳಿಸುತ್ತದೆ.
ಹನ್ನೊಂದರದಕ್ಕೆ ಇನ್ನೂ ಬುದ್ಧಿ ಬಂದಿಲ್ಲ.
ಯೂಫೀಮಿಯಾ ಉಳಿದ ಚೀಟಿಗಳನ್ನೆಲ್ಲ
ವಾರಕ್ಕೊಂದರಂತೆ ಎಂಜಿನಿಯರರಿಗೆ ಅಂಟಿಸಿ ಕಳಿಸುತ್ತಾಳೆ.
ಒಳಗೆ ಏನು ಬರೆಯುತ್ತಾಳೋ, ಹೇಳುವುದಿಲ್ಲ.

ನಡಾವಳಿಯಲ್ಲಿಲ್ಲದ್ದು ಒಂದಿದೆ.
ಮೊದಲ ಸಲ ಎಣಿಸಿದ ದಿನ,
ಆ ಏಳರಲ್ಲಿ ನಾನಿರಲಿಲ್ಲ.
ರಸ್ತೆಯಂಚಿಗೆ ಬಂದಿದ್ದೆ, ಔಷಧದ ಚೀಟಿ ಹಿಡಿದು.
ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು,
ಕೋಟಿನ ಗುಂಡಿ ಹಾಕಿ, ಬಿಚ್ಚಿ, ಹಾಕಿ,
ಮನೆಗೆ ಮರಳಿದೆ.
ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಮುಂದಿನ ಸಭೆ: ಎರಡನೆಯ ಮಂಗಳವಾರ.
ಯಾರಾದರೂ ಹೀಟರ್ ತನ್ನಿ.