ಹೇರುಗೆರೆ

ನಲವತ್ತೊಂದು ಪುಟ. ಅರ್ಜಿ ಹಾಕಿ ಆರು ವಾರಕ್ಕೆ ಅಂಚೆಯಲ್ಲಿ ಬಂತು,
ಕಂದು ಲಕೋಟೆ, ಒಂದು ಮೂಲೆ ನೆನೆದಿತ್ತು.
ಮೂರು ಕಡೆ ನನ್ನ ಹೆಸರು ತಪ್ಪು: ರೋನಾ ಹೋಗಿ ರೋಡಾ.
ಉಳಿದದ್ದೆಲ್ಲ ಸರಿಯಿದೆಯೆಂದು ಆಸ್ಪತ್ರೆಯ ನಂಬಿಕೆ.

ಅಡುಗೆಮನೆ ಮೇಜಿನ ತುಂಬ ಹರಡಿಕೊಂಡು ಕೂತಿದ್ದೇನೆ,
ಕೈಯಲ್ಲಿ ಮರ್ಡೋನ ಚಪ್ಪಟೆ ಪೆನ್ಸಿಲು.
ಹೊರಗೆ ಪೀಟರ್‌ಹೆಡ್ಡಿನ ಬಂದರು ಮಂಜಿನೊಳಗೆ.
ಮೀನಿನ ಪೆಟ್ಟಿಗೆ ಎಳೆಯುವ ಸದ್ದಿದೆ, ಪೆಟ್ಟಿಗೆಯಿಲ್ಲ.

ಪುಟ ಏಳು. 'ಗಮನ ಸೆಳೆಯಲೆಂದೇ ಮಾಡುತ್ತಾಳೆ.'
ಅಂಚಿನಲ್ಲಿ ಬರೆದೆ: ಮುಳುಗುವವರು ಕೈ ಎತ್ತುವುದೂ ಅದಕ್ಕೇ.
ಬರೆದು ಅಳಿಸಿದೆ. ತೀರ ಚಂದವಾಯಿತು.
ಆ ರಾತ್ರಿ ಚಂದವಿರಲಿಲ್ಲ.
ಅಕ್ಕ ಶೋನಾಳಿಗೆ ಮೂವತ್ತನಾಲ್ಕು ಸಲ ಫೋನು ಮಾಡಿದ್ದೆ,
ಮೊದಲ ಹತ್ತು ಕ್ಷಮೆ ಕೇಳಲು,
ಇನ್ನೊಂದು ಹತ್ತು ಬೈಯಲು,
ಆಮೇಲಿನವು ಆ ತುದಿಯಲ್ಲಿ ಉಸಿರೊಂದು ಇದೆಯೇ ಎಂದು ನೋಡಲು.
ಅವಳ ಮಗುವಿಗೆ ಜ್ವರವಿತ್ತು.
ಜ್ವರವಿದೆಯೆಂದು ನನಗೆ ಗೊತ್ತಿತ್ತು.
ಇದನ್ನು ಅಳಿಸುವುದಿಲ್ಲ; ಇದು ಫೈಲಿನಲ್ಲಿಲ್ಲ.

ಪುಟ ಹನ್ನೆರಡು. 'ಸಿಬ್ಬಂದಿಯ ನಡುವೆ ಒಡಕು ತರುತ್ತಾಳೆ.'
ದಾದಿ ಎಫೀ ನಸುಕಿನ ಮೂರಕ್ಕೆ ಬ್ರೆಡ್ಡು ಸುಟ್ಟು ಕೊಟ್ಟಿದ್ದಳು,
ಅಂಚು ಕತ್ತರಿಸಿ, ಮಕ್ಕಳಿಗೆ ಕೊಡುವ ಹಾಗೆ.
ಭೂಮಿಯ ಮೇಲೆ ಇವಳೊಬ್ಬಳೇ ಮನುಷ್ಯಳು ಎಂದೆ.
ಗುರುವಾರ ಅವಳಿಗೆ ರಜೆ.
ಶುಕ್ರವಾರ ಎಲ್ಲರೆದುರು ಅಂದೆ: ನೀನೂ ಸುಳ್ಳುಬುರುಕಿ.
ನನ್ನ ತಕ್ಕಡಿಗೆ ಎರಡೇ ಬೊಟ್ಟು, ಒಂದು ಗುಲಗಂಜಿ, ಇನ್ನೊಂದು ಮಣ.
ನಡುವಿನವು ಮಿಕ್ಕವರಿಗೆ ಎಲ್ಲಿ ಸಿಕ್ಕವೋ,
ಯಾವ ವಯಸ್ಸಿನಲ್ಲಿ, ಯಾರು ಕೊಟ್ಟರೋ.
ಎಫೀ, ನಿನ್ನ ಮುಖ ಆಗ ಏನಾಯಿತೆಂದು ನಾನು ನೋಡಲಿಲ್ಲ.

ಪುಟ ಹತ್ತೊಂಬತ್ತು. ನಾಲ್ಕು ಸಾಲಿಗೆ ಕಪ್ಪು ಮಸಿ.
'ಮೂರನೆಯವರ ಖಾಸಗಿ ಮಾಹಿತಿ.'
ಮೂರನೆಯವರು ಅಂದರೆ ಅಮ್ಮ.
ಕಿಟಕಿಗೆ ಹಿಡಿದು ನೋಡಿದೆ, ಏನೂ ಕಾಣದು.
ಕಾಣಬೇಕಾಗಿಯೂ ಇಲ್ಲ. ಆ ಮಸಿಯಡಿ ಒಂದು ಕಲ್ಲಿನ ಮೆಟ್ಟಿಲು,
ಕತ್ತಿನವರೆಗೆ ಕೋಟಿನ ಗುಂಡಿ ಹಾಕಿಕೊಂಡ ಏಳರ ಹುಡುಗಿ,
ಬಂದೇ ಬರುತ್ತೇನೆ ಎಂದಿದ್ದ ಒಂದು ಶನಿವಾರ.

ಪುಟ ಇಪ್ಪತ್ತಮೂರರಲ್ಲಿ ರೋಗಕ್ಕೆ ಹೆಸರಿಟ್ಟಿದ್ದಾರೆ.
ಬಾರ್ಡರ್‌ಲೈನ್, ಗಡಿಗೆರೆ. ವ್ಯಕ್ತಿತ್ವದ ದೋಷ.
ಕಾಲಲ್ಲ ಕೀಲಲ್ಲ, ನಾನು ಎನ್ನುವುದೇ ದೋಷ.
ಆ ಹೆಸರು ಬಿದ್ದ ಮೇಲೆ ಹಲ್ಲುನೋವಿಗೆ ಹೋದರೂ
ಡಾಕ್ಟರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತಿದ್ದರು.

ಅಪ್ಪನಿಗೆ ಗೊತ್ತಿದ್ದ ಗೆರೆ ಒಂದೇ.
ಬಂದರಿನಲ್ಲಿ ಸರಕು ಹೇರಿಸುತ್ತಿದ್ದವನು, ನನ್ನನ್ನೊಮ್ಮೆ ಕರೆದೊಯ್ದು
ಹಡಗಿನ ಪಕ್ಕೆಯ ಮೇಲಿನ ಬಿಳಿ ಬಣ್ಣದ ಗೆರೆ ತೋರಿಸಿದ್ದ.
ನೀರು ಅಲ್ಲಿಗೆ ಬಂತೆಂದರೆ ಹೇರುವುದು ನಿಲ್ಲಿಸಬೇಕು, ಅಷ್ಟೆ.
ಹಡಗನ್ನು ಯಾರೂ ಬೈಯುವುದಿಲ್ಲ, ಅಂದಿದ್ದ.
ಹಾಗೆ ಅಂದಿದ್ದನೋ, ಈಗ ನಾನೇ ಸೇರಿಸುತ್ತಿದ್ದೇನೋ.

ಮರ್ಡೋ ಬಂದ, ಐಸ್ ಕಾರ್ಖಾನೆಯ ತಣ್ಣಗಿನ ವಾಸನೆ.
ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟ, ಹಾಳೆಗಳನ್ನು ನೋಡಿದ, ಕೇಳಲಿಲ್ಲ.
ಹಾಲು ಮುಗಿದಿದೆ, ತರುತ್ತೇನೆ ಎಂದು
ಹಳೆಯ ಚಪ್ಪಲಿ ಮೆಟ್ಟಿ ಹೊರಟ. ಐದೂ ಹತ್ತು.

ಅಂಗಡಿಗೆ ಹೋಗಿಬರಲು ಹನ್ನೊಂದು ನಿಮಿಷ. ನಾನು ಅಳೆದಿದ್ದೇನೆ.

ಐದೂ ಇಪ್ಪತ್ತೊಂದು. ಬಂದಿಲ್ಲ.
ನೀರು ಏರುತ್ತಿದೆ. ಮೊದಲು ಕಿವಿಯಲ್ಲಿ.
ಹಿಂದೆಲ್ಲ ಇಷ್ಟು ಹೊತ್ತಿಗೆ ಅವನ ಬೂಟು ಬೀದಿಯಲ್ಲಿರುತ್ತಿತ್ತು,
ಬಾಗಿಲಿಗೆ ಚಿಲಕ, ನಾನು ಚಿಲಕದ ಹಿಂದೆ.

ಕೊನೆಯ ಪುಟದ ಬೆನ್ನು ಖಾಲಿ. ಅಲ್ಲಿ ಬರೆಯುತ್ತಿದ್ದೇನೆ:
ಐದೂ ಇಪ್ಪತ್ತನಾಲ್ಕು. ಬೂಟು ಒಳಗಿದೆ.
ಐದೂ ಇಪ್ಪತ್ತಾರು. ಎಡಗಾಲಿನದು ಮಗುಚಿ ಬಿದ್ದಿತ್ತು,
ಎತ್ತಿ ನೇರ ಇಟ್ಟೆ.