ಹನ್ನೊಂದು ಹಾಳೆ

ಫಾರೋ ದ್ವೀಪಗಳ ತೆಂಕಣ ತುದಿಯಲ್ಲಿ
ನಮ್ಮೂರ ಲೈಬ್ರರಿ ಅಂದರೆ ಹಳೆಯ ಉಪ್ಪುಮೀನಿನ ಗೋದಾಮು.
ಎಷ್ಟು ತೊಳೆದರೂ ಕಾವ್ಯದ ಕಪಾಟಿನ ಹಿಂದೆ
ಆ ನಾತ ಹೋಗಿಲ್ಲ.
ಕಾವ್ಯ ಓದುವವರು ಮೂವರು. ದೂರು ಬಂದಿಲ್ಲ.

ಇಪ್ಪತ್ತಾರು ವರ್ಷದಿಂದ ಇಲ್ಲಿ ತಾರೀಖಿನ ಮೊಹರು ಒತ್ತುವವನು
ನಾನು, ಹಾನುಸ್.
ಯಾರು ಏನು ಓದುತ್ತಾರೆ, ಯಾವ ಪುಟಕ್ಕೆ ತೂಕಡಿಸುತ್ತಾರೆ, ಬಲ್ಲೆ.
ಟ್ರಾಲರಿನ ಅಡುಗೆಯವ ಪತ್ತೇದಾರಿ ಕಥೆಯ ಕೊನೆ ಮೊದಲು ಓದಿ
ಕೊಲೆಗಾರನ ಹೆಸರಿಗೆ ಅಡಿಗೆರೆ ಎಳೆದು ತರುತ್ತಾನೆ,
ಮುಂದಿನವರಿಗೆ ಉಪಕಾರವಾಗಲೆಂದು.
ಪಾದ್ರಿಯ ಹೆಂಡತಿ ಪ್ರೇಮಕಥೆಗಳಿಗೆಲ್ಲ
ಹೆಣಿಗೆ ಪತ್ರಿಕೆಯ ಹೊದಿಕೆ ಹಾಕುತ್ತಾಳೆ.
ಹಾಳೆಗಳ ನಡುವೆ ಸಿಕ್ಕಿದ್ದು:
ಉಣ್ಣೆಯ ಎಳೆ, ಒಣಗಿದ ಮೀನಿನ ಪೊರೆ,
ಒಮ್ಮೆ ಒಂದು ಹಲ್ಲು.

ಸುನ್ವಾ ಬರೆದದ್ದು ಒಂದೇ ಕಾದಂಬರಿ.
ಫೆರ್ರಿಯ ಟಿಕೆಟ್ ಕೊಡುವವಳು; ಗಾಳಿ ಎದ್ದು ಹಡಗು ಬಾರದ ದಿನ
ರಸೀದಿಯ ಬೆನ್ನ ಮೇಲೆ ಬರೆದಳಂತೆ.
ಅಂಥ ದಿನಗಳಿಗೇನು ನಮ್ಮಲ್ಲಿ ಬರವೇ?
ಕಡಲು ಗಂಡನನ್ನು ಇಟ್ಟುಕೊಂಡು
ಕೋಟು ಮಾತ್ರ ಮರಳಿಸಿದ ಹೆಂಗಸಿನ ಕಥೆ.
ಕೊನೆಯ ಸಾಲಿನಲ್ಲಿ ಆಲೂಗಡ್ಡೆ ಕುದಿಯುತ್ತದೆ, ಅಷ್ಟೆ.
ಅಚ್ಚಾದದ್ದು ಮುನ್ನೂರು ಪ್ರತಿ,
ಇಲಿ ತಿಂದದ್ದು ನಲವತ್ತು.

ಮೂವತ್ತೊಂದು ವರ್ಷದ ಮೇಲೆ
ಕೋಪನ್‌ಹೇಗನ್ನಿನಿಂದ ಒಬ್ಬ ಹುಡುಗ ಬಂದ, ಆಸ್ಗರ್,
ಒಂದೇ ಕಿವಿಗೆ ಎರಡು ಓಲೆ.
ನಾಲ್ಕು ದಿನ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿದ,
ಹೆಚ್ಚೇನೂ ಕೇಳಲಿಲ್ಲ, ಹೋದ.
ಸಿನಿಮಾ ತೆಗೆದದ್ದು ಐರ್ಲೆಂಡಿನಲ್ಲಿ.
ನಮ್ಮ ಗಾಳಿಗೆ ಕ್ಯಾಮರಾ ನಿಲ್ಲುವುದಿಲ್ಲವಂತೆ.
ಕುರಿಗಳೂ ಅಲ್ಲಿಯವೇ, ಮಸಿ ಮೆತ್ತಿದ ಮೋರೆಯವು.
ಇದೊಂದನ್ನು ನಮ್ಮೂರು ಇನ್ನೂ ಕ್ಷಮಿಸಿಲ್ಲ.

ಕುಣಿತದ ಹಾಲಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದರು.
ಕುರಿ ಕಂಡಾಗ ನಕ್ಕರು, ಮನೆ ಕಂಡಾಗ ಗೊಣಗಿದರು.
ಆಮೇಲೆ ಆ ರಾತ್ರಿಯ ದೃಶ್ಯ:
ಅವಳು ಕೋಟಿನೊಳಗೆ ಒಣಹುಲ್ಲು ತುಂಬುತ್ತಾಳೆ,
ಗುಂಡಿ ಹಾಕುತ್ತಾಳೆ, ಕುರ್ಚಿಯ ಮೇಲೆ ಕೂರಿಸುತ್ತಾಳೆ.
ಇಸ್ಪೀಟು ಕಲಸಿ ಹಂಚುತ್ತಾಳೆ.
ಅದರ ಎಲೆಯನ್ನೂ ತಾನೇ ಇಳಿಸಿ,
ಕೈಯಲ್ಲಿ ರಾಜ ಇಟ್ಟುಕೊಂಡೂ
ಬೇಕೆಂದೇ ಸೋಲುತ್ತಾಳೆ.
ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮರುದಿನ ನನ್ನ ಬಾಗಿಲಿಗೆ ಸಾಲು.
ಎಲ್ಲರಿಗೂ ಇಸ್ಪೀಟಿನ ಪುಟವೇ ಬೇಕು.
ಪುಸ್ತಕದಲ್ಲಿ ಇಸ್ಪೀಟೇ ಇಲ್ಲ.
"ಹಾನುಸ್, ಹಾಳೆ ಯಾರೋ ಹರಿದಿದ್ದಾರೆ" ಎಂದರು,
ಹರಿದವನು ನಾನೇ ಎಂಬಂತೆ ನೋಡಿದರು.
ಎಣಿಸಿ ತೋರಿಸಿದೆ: ಒಂದರಿಂದ ನೂರೆಂಬತ್ತೆಂಟು, ಒಂದೂ ಕಮ್ಮಿಯಿಲ್ಲ.
"ಹಾಗಾದರೆ ಬರೆದವಳು ಮರೆತಿದ್ದಾಳೆ"
ಎಂದು ತೀರ್ಪಿತ್ತ ಅಡುಗೆಯವ.

ಸಂಜೆ ಬೀಗ ಹಾಕುವ ಹೊತ್ತಿಗೆ ಸುನ್ವಾ ಬಂದಳು.
ಈವರೆಗೆ ತನ್ನ ಪುಸ್ತಕವನ್ನು ಇಲ್ಲಿ ಮುಟ್ಟಿದವಳಲ್ಲ.
ನೂರ ಹನ್ನೆರಡನೆಯ ಪುಟ ತೆರೆದು
ಎರಡು ಪ್ಯಾರಾಗಳ ನಡುವಣ ಖಾಲಿಯ ಮೇಲೆ ಬೆರಳಿಟ್ಟಳು.
"ಇಲ್ಲೇ ಇತ್ತು. ಕೋಟು, ಹುಲ್ಲು, ಇಸ್ಪೀಟು, ಎಲ್ಲ.
ಹನ್ನೊಂದು ಹಾಳೆ.
ಓದಿದವರು ನಕ್ಕಾರು ಅಂತ ಒಲೆಗೆ ಹಾಕಿದೆ."
"ಆ ಹುಡುಗನಿಗೆ ಹೇಳಿದ್ದೆಯಾ?"
"ಒಲೆಗೆ ಬಿಟ್ಟು ಯಾರಿಗೂ ಹೇಳಿಲ್ಲ."

ಮಳೆಯಂಗಿಯ ಟೋಪಿ ಎಳೆದುಕೊಂಡಳು.
ಬಾಗಿಲಲ್ಲಿ ನಿಂತಳು, ಗಾಳಿ ಒಳಗೆ ಬರುವಷ್ಟು ಹೊತ್ತು.
"ಓದಿದ್ದಾನೆ," ಎಂದಳು. "ಹುಡುಗ ಓದಿದ್ದಾನೆ."
ಮೆಟ್ಟಿಲಿಳಿದು ಮತ್ತೆ ತಿರುಗಿ:
"ಆ ಕುರಿ ಮಾತ್ರ, ಛೆ."

ಪುಸ್ತಕ ಅವಳೇ ಎರವಲು ಒಯ್ದಿದ್ದಾಳೆ.
ಗಡುವು ಮುಗಿದು ಐದು ವಾರ,
ಸರದಿಯಲ್ಲಿ ಹದಿನೆಂಟು ಮಂದಿ.
ದಂಡ ಕೇಳಲೆಂದೇ ಹೋಗಿದ್ದೆ.
ಮೇಜಿನ ತುಂಬ ಪೆನ್ಸಿಲು ಕೆತ್ತಿದ ಹೊಟ್ಟು.
ಕಂಡೂ ಕಾಣದವನಂತೆ
ಕಾಫಿ ಕುಡಿದು ಎದ್ದು ಬಂದೆ.